ದೋಷವಿಲ್ಲದ ಮನೆ

ಗಂಡ ಹೆಂಡತಿ ನಗುತ್ತ ಒಳಗೆ ಹೋದರು. ಹೊರಬಂದಾಗ ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ಗೇಟು ಮುಚ್ಚುವಷ್ಟು ಹೊತ್ತೂ ನಿಲ್ಲದೆ ಕಾರು ಹತ್ತಿದರು.

ರಸ್ತೆಯಾಚೆ ಮರದ ನೆರಳಿನಲ್ಲಿ ನಿಂತಿದ್ದ ಅಣ್ಣ ಹಲ್ಲು ಕಚ್ಚಿದ. ಪಕ್ಕದಲ್ಲಿದ್ದ ದಲ್ಲಾಳಿ ತಲೆ ಕೆರೆದುಕೊಂಡ.

"ನೋಡಿದ್ರಲ್ಲ ಸಾರ್? ಪ್ರತಿ ಸಲ ಇದೇ ಕಥೆ. ಬೆಲೆ ಜಾಸ್ತಿ ಅಂದ್ರೆ ಚೌಕಾಸಿ ಮಾಡ್ಬಹುದು. ಇವ್ರು ಬೆಲೆನೇ ಕೇಳಲ್ಲ."

"ಒಳಗೆ ಏನಾಗುತ್ತೆ?"

"ನಂಗೇನ್ ಗೊತ್ತು? ಮನೆ ತೋರ್ಸೋದು ನಿಮ್ ತಂಗಿ. ನಾನು ಗೇಟಿನ ಹತ್ರ ಫೋನ್ ನೋಡ್ಕೊಂಡು ನಿಂತಿರ್ತೀನಿ."

ಅಣ್ಣ ಪಾನೀಯ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕ. ಬಾಟಲಿಯ ಮುಚ್ಚಳ ಕೂದಲೆಳೆಯಷ್ಟು ಓರೆಯಾಗಿದ್ದರೂ ಅದು ಅವನ ಕಣ್ಣು ತಪ್ಪಿಸುತ್ತಿರಲಿಲ್ಲ. ಸ್ವಂತದ್ದೊಂದು ಪ್ರಯೋಗಾಲಯ ತೆರೆಯಬೇಕೆಂಬುದು ಅವನ ಬಹುಕಾಲದ ಆಸೆ. ನಾಮಫಲಕ ಬರೆಸಿಯಾಗಿತ್ತು, ಅದಕ್ಕಾಗಿ ಗೊತ್ತುಮಾಡಿದ್ದ ಕಟ್ಟಡದ ಮಾಲೀಕ ತಿಂಗಳ ಕೊನೆಯವರೆಗೆ ಮಾತ್ರ ಕಾಯುವುದಾಗಿ ಹೇಳಿದ್ದ. ಅಪ್ಪ ಬಿಟ್ಟುಹೋದ ಈ ಮನೆ ಮಾರಾಟವಾಗದೆ ಆ ಫಲಕ ಗೋಡೆ ಏರುವಂತಿರಲಿಲ್ಲ.

ಆದ್ದರಿಂದ ಅವನು ಮನೆಯನ್ನೇ ಪರೀಕ್ಷೆಗೆ ಒಡ್ಡಿದ. ಗೋಡೆಗಳಲ್ಲಿ ತೇವವಿರಲಿಲ್ಲ. ಬಚ್ಚಲಿನ ನೀರು ಸರಾಗವಾಗಿ ಹರಿಯುತ್ತಿತ್ತು. ಚಾವಣಿಯಲ್ಲಿ ಬಿರುಕಿಲ್ಲ, ಕಿಟಕಿಗಳಲ್ಲಿ ಗೆದ್ದಲಿಲ್ಲ. ನಡುಮನೆಯ ನಡುವೆ ತಂಗಿಯ ಮಂಚವಿತ್ತು; ನೋಟ ಕೆಡುತ್ತದೆಂದು ಅದನ್ನು ಅವಳ ಕೋಣೆಗೆ ಸಾಗಿಸಲು ಹೇಳಿದ. ಮುಂದಿನ ಸಲ ಬಂದಾಗ ಮಂಚ ಕೋಣೆಯಲ್ಲಿತ್ತು, ಹಾಸಿಗೆ ಮಾತ್ರ ಸುರುಳಿ ಸುತ್ತಿಕೊಂಡು ನಡುಮನೆಯ ಮೂಲೆಯಲ್ಲೇ ಇತ್ತು.

ಆ ಕೋಣೆಯೇ ಮನೆಯಲ್ಲೆಲ್ಲ ಚೆನ್ನಾದದ್ದು. ಅವನು ಹೊಸ್ತಿಲಲ್ಲಿ ನಿಂತು ಬೆಳಕನ್ನು ಅಂದಾಜು ಮಾಡಿದ. ಬಾಗಿಲು ಪೂರ್ತಿ ತೆರೆದರೆ ಅದರ ಮರೆಗೆ ಸರಿಯುವ ತೇಗದ ಗೋಡೆಬೀರು ಅಪ್ಪನ ಕಾಲದ್ದು. ಜಾಹೀರಾತಿನಲ್ಲಿ ತಾನೇ ಸೇರಿಸಿದ್ದ: "ಬೀರು ನೋಡಲು ಕೋಣೆಯ ಬಾಗಿಲು ಮುಚ್ಚುವುದನ್ನು ಮರೆಯಬೇಡಿ."

ಬಣ್ಣದವರು ಬಂದಾಗ ತಂಗಿ ಒಂದೇ ಒಂದು ಮಾತು ಕೇಳಿದ್ದಳು. "ನನ್ ಕೋಣೆ ಬಾಗಿಲಿನ ಒಳಬದಿಗೂ ಬಣ್ಣ ಹೊಡೆಸ್ಬಿಡು ಅಣ್ಣ. ಮೊದ್ಲು ಸ್ವಲ್ಪ ಉಜ್ಜಬೇಕು ಅಂತಾರೆ."

"ಸುಮ್ನೆ ಖರ್ಚು. ಬಾಗಿಲ ಹಿಂಬದಿ ಯಾರು ನೋಡ್ತಾರೆ?"

ಅವಳು ನಕ್ಕಿದ್ದಳು. "ಅದೂ ನಿಜ. ಇಷ್ಟು ವರ್ಷ ಯಾರು ನೋಡಿದ್ರು?"

ಬಣ್ಣವಾದ ಮೇಲೂ ಬಂದವರು ಬಂದ ದಾರಿಯಲ್ಲೇ ಹೋದರು. ಒಂದೊಂದೇ ಕಾರಣವನ್ನು ಹೊಡೆದುಹಾಕಿದ ಮೇಲೆ ಉಳಿದದ್ದು ತಂಗಿ. ಮದುವೆಯಾಗದೆ ಉಳಿದವಳು. ಒಂದು ಕಾಲದಲ್ಲಿ ಯಾರದೋ ಜೊತೆ ಹೊರಟು ನಿಂತಿದ್ದವಳನ್ನು ಅಣ್ಣನೇ ತಡೆದು ಮನೆತನದ ಮಾನ ಉಳಿಸಿದ್ದ. ಆ ವಿಷಯವನ್ನು ಅವಳು ಮತ್ತೆಂದೂ ಎತ್ತಿರಲಿಲ್ಲ. ಮರೆತಿದ್ದಾಳೆಂದೇ ಅವನ ನಂಬಿಕೆ. ಈಗ ಈ ಸೂರನ್ನು ಕಚ್ಚಿಕೊಂಡು ಕೂತಿದ್ದಾಳೆ, ಬಂದವರ ಕಿವಿಯಲ್ಲಿ ಏನೋ ಊದುತ್ತಿದ್ದಾಳೆ.

ಸಂಶಯ ಖಚಿತವಾಗಬೇಕಿತ್ತು. ಕಾರ್ಖಾನೆಯ ಗೆಳೆಯನನ್ನು ಗಿರಾಕಿಯಂತೆ ಕಳಿಸಿ, ಹಿಂತಿರುಗಿದೊಡನೆ ವಿಚಾರಿಸಿದ.

"ಮನೆ ಚೆನ್ನಾಗಿದೆ," ಎಂದ ಗೆಳೆಯ, ಕೈಯಲ್ಲಿದ್ದ ಬಾಟಲಿಯನ್ನೇ ನೋಡುತ್ತ.

"ಅವಳು ಏನಂದ್ಲು?"

"ಏನೂ ಅನ್ಲಿಲ್ಲ. ಎಲ್ಲಾ ತೋರಿಸಿದ್ರು."

ಮರುದಿನದಿಂದ ಆ ಗೆಳೆಯ ಊಟಕ್ಕೆ ಬೇರೆ ಮೇಜಿಗೆ ಹೋಗತೊಡಗಿದ. ಇವನ ತಲೆಯನ್ನೂ ಕೆಡಿಸಿದ್ದಾಳೆ ಎಂದುಕೊಂಡು ಅಣ್ಣ ನೆಟ್ಟಗೆ ತಂಗಿಯ ಮುಂದೆ ಹೋಗಿ ನಿಂತ.

"ಬಂದವ್ರ ಹತ್ರ ಏನು ಹೇಳ್ತಿದ್ದೀಯಾ?"

"ನಾನೇನು ಹೇಳ್ಲಿ? ಬಾಯಿ ಮುಚ್ಕೊಂಡಿದ್ರೆ ಎಲ್ಲರಿಗೂ ಒಳ್ಳೇದು ಅಂತ ನೀನೇ ಹೇಳಿದ್ದೆ. ಮುಚ್ಕೊಂಡೇ ಇದೀನಿ."

"ನಿಂಗೆ ಈ ಮನೆ ಬಿಡೋಕೆ ಇಷ್ಟ ಇಲ್ಲ."

ಅವಳು ಮುಂಬಾಗಿಲ ಕಡೆ ಕೈ ತೋರಿಸಿದಳು. ಅಲ್ಲಿ ಪಟ್ಟಿ ಬಿಗಿದ ಸೂಟ್‌ಕೇಸ್ ಇತ್ತು. "ಮಾರಾಟದ ಬೋರ್ಡು ಹಾಕಿದ ದಿನವೇ ತುಂಬಿಟ್ಟಿದ್ದೀನಿ. ನಿಂಗಿಂತ ಮೊದ್ಲು ಹೊರಡೋಳು ನಾನು."

ನಾಟಕ, ಎಂದುಕೊಂಡ ಅವನು.

ಮುಂದಿನ ಗಿರಾಕಿ ಬರುವ ದಿನ ಅವನು ರಜೆ ಹಾಕಿ, ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಒಳಹೊಕ್ಕ. ತಂಗಿ ಮುಂದೆ ಗೇಟು ತೆರೆಯುತ್ತಿದ್ದಳು. ಅವಳ ಕೋಣೆಗೆ ನುಗ್ಗಿ, ಬಾಗಿಲು ಮುಚ್ಚಿ, ಮರಕ್ಕೆ ಕಿವಿಯಾನಿಸಿ ನಿಂತ. ಇಂದು ಕೈಗೆ ಸಿಕ್ಕಿಬೀಳುತ್ತಾಳೆ.

"ನೀರಿಗೆ ತೊಂದ್ರೆ ಇಲ್ಲ," ತಂಗಿಯ ದನಿ ನಿಧಾನವಾಗಿ ಹತ್ತಿರವಾಯಿತು. "ಗಾಳಿ ಬೆಳಕು ಬೇಕಾದಷ್ಟು. ಅಕ್ಕಪಕ್ಕದವ್ರೂ ತುಂಬಾ ಒಳ್ಳೆಯವ್ರು. ಏನು ಕೇಳಿಸಿದ್ರೂ ಕೇಳಿಸ್ದೇ ಇರೋ ಹಾಗೆ ಇದ್ದುಬಿಡ್ತಾರೆ."

ಅಣ್ಣ ಹುಬ್ಬು ಗಂಟಿಕ್ಕಿದ. ಒಂದು ದೋಷವನ್ನೂ ಅವಳು ಹೇಳುತ್ತಿಲ್ಲ. ಮನೆಯನ್ನು ಅವನಿಗಿಂತ ಚೆನ್ನಾಗಿ ಹೊಗಳುತ್ತಿದ್ದಾಳೆ.

"ಈ ಕೊನೇ ಕೋಣೆ?" ಹೆಂಗಸೊಬ್ಬಳು ಕೇಳಿದಳು.

"ಅದು ನಂದು. ನೀವೇ ಹೋಗಿ ನೋಡ್ಕೊಂಡು ಬನ್ನಿ. ರಾತ್ರಿ ಮಲಗೋಕೂ ನಾನು ಒಳಗೆ ಹೋಗಲ್ಲ."

ಹೆಜ್ಜೆಗಳು ಬಾಗಿಲಿನತ್ತ ಬಂದವು. ಇನ್ನಷ್ಟು ಒತ್ತಿ ಕಿವಿಗೊಟ್ಟಾಗ ಅವನ ಕೆನ್ನೆಗೆ ಏನೋ ತರಿತರಿಯಾಗಿ ತಾಗಿತು. ಹಿಂದೆ ಸರಿದು ನೋಡಿದ. ಅವಳು ಹೊರಟು ನಿಂತಿದ್ದ ದಿನ ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದವನು ಅವನೇ. ಒಳಬದಿಯನ್ನು ನೋಡುತ್ತಿದ್ದುದು ಇದೇ ಮೊದಲು.

ಕೊರಳೆತ್ತರದಿಂದ ನೆಲದವರೆಗೆ, ಕೆಳಗಿಳಿದಂತೆ ಮಸುಕಾಗುತ್ತ, ಹೇರ್‌ಪಿನ್ನಿನ ಮೊನೆಯಲ್ಲಿ ಮತ್ತೆ ಮತ್ತೆ ಕೊರೆದಿದ್ದ ಒಂದೇ ಸಾಲು: ಅಣ್ಣಾ, ಬಾಗಿಲು ತೆಗಿ.