ಹೂವಿನ ಬಾಯಿಗೆ ಕ್ಲಿಪ್ಪು

“ಕ್ಲಿಪ್ ಕಳ್ಳಿ ಯಾರು ಅಂತ ಇವತ್ತು ಗೊತ್ತಾಯ್ತು,” ಎಂದು ಪಕ್ಕದ ಮನೆಯ ಟೈಲರಮ್ಮ ಮಹಡಿಯ ಕಿಟಕಿಯಿಂದ ಗಾಳಿಗೆ ಹೇಳಿದಳು. ಬೀಜಮ್ಮನಿಗೆ ಏನು ಹೇಳುವುದಿದ್ದರೂ ಮೂರು ವರ್ಷದಿಂದ ಅವಳು ಗಾಳಿಗೇ ಹೇಳುವುದು. ಬಟ್ಟೆ ಒಣಹಾಕುವ ನೀಲಿ ಕ್ಲಿಪ್ಪೊಂದನ್ನು ಊರಿಗೆಲ್ಲ ಕಾಣುವಂತೆ ಆಡಿಸುತ್ತಿದ್ದಳು.

ಕೆಳಗೆ ಹಿತ್ತಲಲ್ಲಿ ನಿಂತಿದ್ದ ಬೀಜಮ್ಮ ತಟ್ಟನೆ ತಲೆಯೆತ್ತಿದಳು. ಕ್ಲಿಪ್ಪು ಟೈಲರಮ್ಮನದೇ, ಸುಳ್ಳಲ್ಲ; ಗಾಳಿಗೆ ಈ ಕಡೆ ಬಿದ್ದಿತ್ತು. ಅದನ್ನು ನಿನ್ನೆ ಸಂಜೆ ಬೀಜಮ್ಮ ಏಣಿ ಹತ್ತಿ, ಟೈಲರಮ್ಮನ ತಗಡಿನ ಚಾವಣಿಯ ಮೇಲಿದ್ದ ಸಿಹಿಗುಂಬಳದ ಹೆಣ್ಣು ಮೊಗ್ಗಿಗೆ ಹಾಕಿ ಬಂದಿದ್ದಳು. ಇಳಿಯುವಾಗ ಏಣಿ ಅವಳ ಭಾರಕ್ಕೆ ಎರಡು ತುಂಡಾಗಿ, ಬಿದ್ದ ಸದ್ದಿಗೆ ಮೂರು ಬೀದಿಯ ನಾಯಿಗಳು ಊರು ಬಿಟ್ಟಿದ್ದವು.

ಹೊಸ ಹೊಸ ಕುಂಬಳದ ತಳಿ ಎಬ್ಬಿಸುವುದೇ ಬೀಜಮ್ಮನ ಕಸುಬು, ಅದೂ ಒಂದು ತೊಟ್ಟು ಔಷಧಿ ಹೊಡೆಯದೆ. ಈ ಸಲ ಹಿತ್ತಲಿನ ಬಳ್ಳಿಗಳಿಗೆಲ್ಲ ಬೂದಿರೋಗ ಬಂದು, ಎಲೆಗಳು ಹಿಟ್ಟಿನ ಗಿರಣಿಯಲ್ಲಿ ಮಲಗಿ ಎದ್ದವರ ಹಾಗಿದ್ದವು. ಒಂದೇ ಒಂದು ಬಳ್ಳಿ ಮಾತ್ರ ಈಗ ತಾನೇ ಮುಖ ತೊಳೆದುಕೊಂಡು ಬಂದವಳ ಹಾಗೆ ಹಸಿರಾಗಿತ್ತು. ಆದರೆ ಅದರ ಹಣ್ಣು ಎಷ್ಟು ಸಪ್ಪೆಯೆಂದರೆ, ತಿಂದವರು ನೀರು ಕುಡಿದು ಬಾಯಿ ರುಚಿ ಮಾಡಿಕೊಳ್ಳಬೇಕು. ಮೂಲೆಯ ಬಳ್ಳಿಯದು ಜೇನಿನಂಥ ಹಣ್ಣು. ಆದರೆ ಅದಕ್ಕೆ ಲೋಕದ ಕಾಯಿಲೆಯೆಲ್ಲ ಬೇಕು. ಮೂಲೆಯ ಬಳ್ಳಿಯ ಗಂಡು ಹೂವಿನ ಪುಡಿಯನ್ನು ಹಸಿರು ಬಳ್ಳಿಯ ಹೆಣ್ಣು ಹೂವಿಗೆ ಮುಟ್ಟಿಸೋಣವೆಂದರೆ, ಆ ಹಸಿರು ಬಳ್ಳಿ ಗೋಡೆ ಹತ್ತಿ ಹೋಗಿ, ಈ ಹಂಗಾಮಿನ ಕೊನೆಯ ಹೆಣ್ಣು ಹೂವನ್ನು ಟೈಲರಮ್ಮನ ಕಿಟಕಿಯ ಕೆಳಗೇ ಬಿಟ್ಟಿತ್ತು. ಹೂವು ಅರಳುವುದು ಒಂದೇ ಬೆಳಗ್ಗೆ. ಬೀಜಮ್ಮನಿಗಿಂತ ಮುಂಚೆ ಜೇನ್ನೊಣ ಯಾವುದೋ ಪುಡಿ ತಂದು ಉದುರಿಸಿದರೆ ಕೆಲಸ ಕೆಟ್ಟಿತು. ಅದಕ್ಕೇ ಕ್ಲಿಪ್ಪು. ಅದನ್ನೇ ಈಗ ಟೈಲರಮ್ಮ ಹೂವಿನಿಂದ ಕಿತ್ತು ಹಿಡಿದಿದ್ದಳು.

“ಆ ಹೂವಿನ ಬಾಯಿ ಮುಚ್ಚಿ ಹಿಡ್ಕೊಳ್ರೀ,” ಎಂದು ಬೀಜಮ್ಮ ಕೂಗಿದಳು.

“ನಾನು ಯಾವಾಗಿಂದ ‘ರೀ’ ಆದೆ?”

“ಹಿಡ್ಕೊಳ್ಳೇ ನಮ್ಮಮ್ಮ, ಜೇನು ಬರ್ತಿದೆ.”

ಜೇನು ನಿಜವಾಗಿಯೂ ಬಂತು. ಗುಬ್ಬಚ್ಚಿಯಷ್ಟು ದಪ್ಪವಿತ್ತು ಎಂದು ಟೈಲರಮ್ಮ ಇವತ್ತಿಗೂ ಹೇಳುತ್ತಾಳೆ. ಅವಳು ಸೊಂಟದವರೆಗೆ ಹೊರಗೆ ಬಾಗಿ, ಎರಡು ಬೆರಳಲ್ಲಿ ದಳಗಳನ್ನು ಕೂಡಿಸಿ ಹಿಡಿದಳು. “ಹಿಡಿದೆ. ಬೇಗ ಬಾ. ಆ ಕೈಲಿ ಹೂವು ಬಿಡೋ ಹಾಗಿಲ್ಲ, ಈ ಕೈಲಿ ಕಿಟಕಿ ಬಿಡೋ ಹಾಗಿಲ್ಲ.”

ಬೀಜಮ್ಮ ಗಂಡು ಹೂವು ಕಿತ್ತು, ದಳ ಸುಲಿದು, ಅಂಗೈಯಲ್ಲಿ ಮರೆಮಾಡಿಕೊಂಡು ಓಡಿದಳು. ಟೈಲರಮ್ಮನ ಬಾಗಿಲಲ್ಲಿ ಗಕ್ಕನೆ ನಿಂತಳು. ಮೂರು ವರ್ಷದ ಹಿಂದೆ ಟೈಲರಮ್ಮ ತನ್ನ ಗುಲಾಬಿಗೆ ಹುಳದ ಔಷಧಿ ಹೊಡೆದಾಗ ಗಾಳಿ ಅದನ್ನೆಲ್ಲ ಬೀಜಮ್ಮನ ಹಿತ್ತಲಿಗೆ ತಂದು ಸುರಿದಿತ್ತು. ಜೇನ್ನೊಣಗಳು ರಾಶಿರಾಶಿ ಸತ್ತಿದ್ದವು. “ನಿನ್ನ ಹೊಸ್ತಿಲು ತುಳಿದ್ರೆ ನನ್ನ ಹೆಸರು ಬದಲಾಯಿಸಿ ಕರಿ” ಎಂದಿದ್ದಳು ಇವಳು. “ನಿನ್ನ ಬಳ್ಳಿ ಈ ಕಡೆ ತಲೆ ಹಾಕಿದ್ರೆ ಕತ್ತರಿಸಿ ಬಿಸಾಕ್ತೀನಿ” ಎಂದಿದ್ದಳು ಅವಳು.

ಹಲ್ಲುಜ್ಜುತ್ತ ಹಿಂದೆಯೇ ಬಂದ ಬೀಜಮ್ಮನ ಗಂಡ ನೊರೆ ಬಾಯಲ್ಲೇ ಕೇಳಿದ: “ಹೊಸ್ತಿಲು ತುಳಿಯಲ್ಲ ಅಂದಿದ್ದೆಯಲ್ಲೇ?”

“ತುಳಿಯಲ್ಲ ಅಂದಿದ್ದೆ. ಹಾರಲ್ಲ ಅಂದಿದ್ನಾ?”

ಹಾರಿದಳು. ಅರವತ್ತು ದಾಟಿದ ದೇಹ ಹೊಸ್ತಿಲ ಮೇಲೆ ಮೇಕೆಮರಿಯ ಹಾಗೆ ತೇಲಿ ಹೋಗಿ ಹೊಲಿಗೆ ಮಿಷಿನ್ನಿನ ಪಕ್ಕ ಇಳಿದಾಗ, ಗೋಡೆಗೆ ನೇತುಹಾಕಿದ್ದ ಅಂಗಿ ಪ್ಯಾಂಟುಗಳೆಲ್ಲ ಒಮ್ಮೆ ಕುಣಿದವು.

ಮಹಡಿಯಲ್ಲಿ ಟೈಲರಮ್ಮನ ಪಕ್ಕ ಕಿಟಕಿಯಲ್ಲಿ ತೂರಿಕೊಂಡು ಕೈ ಚಾಚಿದಳು. “ಈಗ ಬಿಡು.” ಹೂವು ಬಾಯಿ ತೆರೆಯಿತು. ಹಳದಿ ಪುಡಿಯನ್ನು ಅದರ ನಡುವಿಗೆ ಮೆಲ್ಲಗೆ ಸವರಿ, ದಳ ಕೂಡಿಸಿ, ಮತ್ತೆ ಕ್ಲಿಪ್ಪು ಹಾಕಿದಳು. ಅಷ್ಟು ಹೊತ್ತೂ ಇಬ್ಬರೂ ಉಸಿರು ಬಿಟ್ಟಿರಲಿಲ್ಲ. ಬಿಟ್ಟಾಗ ಇಡೀ ಬಳ್ಳಿ ಅಲ್ಲಾಡಿತು.

“ಇಷ್ಟೇನಾ?” ಎಂದಳು ಟೈಲರಮ್ಮ. “ಇಷ್ಟಕ್ಕೆ ಏಣಿ ಮುರಿದ್ಯಾ?”

“ಇಷ್ಟೇ. ಇದರ ಬೀಜ ಬಿತ್ತಬೇಕು, ಗಟ್ಟಿ ಬಳ್ಳಿ ಆರಿಸ್ಬೇಕು, ಮತ್ತೆ ಬಿತ್ತಬೇಕು. ಏಳೆಂಟು ವರ್ಷಕ್ಕೆ ಔಷಧಿ ಬೇಡದ ಸಿಹಿ ಕುಂಬಳ ಬಂದ್ರೆ ಬಂತು.”

“ಅಷ್ಟು ವರ್ಷನೂ ಹೊಸ್ತಿಲು ಹಾರ್ಕೊಂಡೇ ಬರ್ತೀಯಾ? ಮಂಡಿನ ಒಂದ್ಮಾತು ಕೇಳಿದೀಯಾ?”

“ಅದಿರ್ಲಿ, ನೀನ್ಯಾಕೆ ಬಳ್ಳಿ ಕತ್ತರಿಸ್ಲಿಲ್ಲ?”

“ಕತ್ತರಿ ಮೊಂಡಾಗಿತ್ತು.”

ಕೂದಲನ್ನು ಉದ್ದಕ್ಕೆ ಎರಡಾಗಿ ಸೀಳುವ ಆ ಕತ್ತರಿ ಅವರ ಬೆನ್ನ ಹಿಂದೆಯೇ, ಮೇಜಿನ ಮೇಲೆ ಫಳಫಳ ಹೊಳೆಯುತ್ತಿತ್ತು. ಇಬ್ಬರಿಗೂ ಒಟ್ಟಿಗೆ ನಗು ಬಂತು. ನಕ್ಕು ನಕ್ಕು ಇಬ್ಬರೂ ಕಿಟಕಿಯಲ್ಲಿ ಹೇಗೆ ಸಿಕ್ಕಿಕೊಂಡರೆಂದರೆ, ಬೀಜಮ್ಮನ ಗಂಡ ಬಾಯಿ ಮುಕ್ಕಳಿಸಿ ಬಂದು ಒಬ್ಬೊಬ್ಬರನ್ನಾಗಿ ಎಳೆಯಬೇಕಾಯಿತು. ವಾಪಸು ಹೋಗುವಾಗ ಬೀಜಮ್ಮ ಹೊಸ್ತಿಲನ್ನು ಎರಡೂ ಕಾಲಲ್ಲಿ ಚೆನ್ನಾಗಿ ತುಳಿದೇ ಹೋದಳು.

ಮರುದಿನ ಬೆಳಗ್ಗೆ ಹಿತ್ತಲಿಗೆ ಬಂದು ತಲೆಯೆತ್ತಿ ನೋಡುತ್ತಾಳೆ, ಟೈಲರಮ್ಮನ ತಂತಿಯ ಮೇಲೆ ಒಂದೂ ಕ್ಲಿಪ್ಪಿಲ್ಲ. ಒಗೆದ ಅಂಗಿ, ಲಂಗ, ದಿಂಬಿನ ಚೀಲಗಳೆಲ್ಲ ಗಾಳಿಗೆ ಹಾರಿ ಅಂಗಳದಲ್ಲಿ ಹೊರಳಾಡುತ್ತಿದ್ದವು. ಚಾವಣಿಯ ಮೇಲೆ ಮಾತ್ರ ಗಂಡು ಮೊಗ್ಗು, ಬಾಡಿದ ಹೂವು, ಸುರುಳಿ ಕುಡಿ, ಎಳೆ ಎಲೆ ಎನ್ನದೆ ಬಳ್ಳಿಯ ತುಂಬ ಒಂದೊಂದು ನೀಲಿ ಕ್ಲಿಪ್ಪು.