ನೀಲವ್ವ ಹೊತ್ತ ಜ್ವರ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಇಳಕಲ್ಲಿನ ಸಂಕವ್ವ, ಕಳೆದ ಶ್ರಾವಣದಲ್ಲಿ, ನೆರೆಯವರೆಲ್ಲ ಕೂತಿದ್ದ ಕಟ್ಟೆಯ ಮೇಲೆ.

ಅಂಗೈಗೆ ಅಂಗೈ ಹಚ್ಚಿ ಮನೆಯವರ ಜ್ವರವನ್ನು ತಾವು ಹೊರುವುದು ಅಲ್ಲಿನ ವಾಡಿಕೆ. ನೇಕಾರ ಈರಣ್ಣ ಮದುವೆಯ ಸೀರೆ ಮುಗಿಸಲೆಂದು ಹೆಂಡತಿ ನೀಲವ್ವ ಅವನ ಚಳಿಜ್ವರ ಹೊತ್ತಳು. ಬಲಪಕ್ಕೆಯ ನೋವು ಮಾತ್ರ ಅವನಲ್ಲೇ ಉಳಿಯಿತು. ನೋವು ತೋರಿಸಲು ಹೋದಾಗ ಡಾಕ್ಟರು “ಜ್ವರ ಬಂದಿತ್ತೇನು?” ಎಂದು ಕೇಳಿದರೂ, ಕೆಲಸ ನಿಂತೀತೆಂದು ನೀಲವ್ವ ತಾನು ಜ್ವರ ಹೊತ್ತದ್ದನ್ನು ಮುಚ್ಚಿಟ್ಟಳು. ಜ್ವರವಿಲ್ಲವೆಂದು ತಿಳಿದು ಅವರು ಗ್ಯಾಸಿನ ಮಾತ್ರೆ ಕೊಟ್ಟರು.

ಈರಣ್ಣ ಮಗ್ಗದಲ್ಲೇ ಕುಸಿದ ಮೇಲೆ ಸ್ಕ್ಯಾನಿನಲ್ಲಿ ಯಕೃತ್ತಿನೊಳಗೆ ಕೀವು ಕಂಡಿತು. ನಳಿಕೆಯಿಟ್ಟು ಅದನ್ನು ಹೊರತೆಗೆದರು.

“ನನ್ನಿಂದನ ಹಿಂಗಾತ್ರಿ,” ಎಂದು ನೀಲವ್ವ ಅತ್ತಳು.

“ಕದ್ದರ ಬಂಗಾರ ಕದೀಬೇಕು, ಜ್ವರಾ ಯಾರರ ಕದೀತಾರೇನ?” ಎಂದು ಈರಣ್ಣ ನಕ್ಕ.

ಅವನು ಬದುಕಿದ. ನೀಲವ್ವ ಇಂದಿಗೂ ಅವನ ಅಂಗೈ ಮುಟ್ಟುವುದಿಲ್ಲ.

ಸಂಕವ್ವನ ಕಥೆ ಕೇಳಿದವರು ಕಟ್ಟೆಯಿಂದ ಎದ್ದು ಮನೆಗೆ ಹೊರಟರು. ಮಗಳ ಜ್ವರ ಹೊತ್ತು ಕುಳಿತಿದ್ದ ಗೌರವ್ವ, ಅದನ್ನು ಮರಳಿಸಲು, ಎಲ್ಲರಿಗಿಂತ ಮುಂದೆ ಓಡಿದಳು.