ಅಲ್ಲಾಡಬೇಡ, ಬುಗುರಿ

"ಮತ್ತೆ ಅಲ್ಲಾಡಿದೆ," ಎಂದಿತು ಗೋಡೆಯ ಸ್ಪೀಕರು. ಮೂರನೆಯ ಸಲ.

ಸ್ಕ್ಯಾನ್ ಯಂತ್ರದ ಗಡಗಡ ನಿಂತಿತು. ಬಿಳಿಯ ಸುರಂಗದಿಂದ ಹೊರಗೆ ಚಾಚಿಕೊಂಡಿದ್ದ ಪುಟ್ಟ ಪಾದವನ್ನು ತಾಯಿ ಇನ್ನಷ್ಟು ಬಿಗಿಯಾಗಿ ಹಿಡಿದಳು. ಕಿವಿಗೆ ಹಾಕಿದ್ದ ದಪ್ಪ ಮುಚ್ಚಳ ಸರಿಸಿ ಸುರಂಗದೊಳಕ್ಕೆ ಬಗ್ಗಿದಳು.

"ಸುಮ್ನೆ ಮಲ್ಕೊಳೋಕೆ ಏನು ಕಷ್ಟ ನಿಂಗೆ? ಕಲ್ಲು ಹೊರು ಅಂದ್ನಾ?"

"ನಾನು ಅಲ್ಲಾಡ್ಲಿಲ್ಲಮ್ಮ."

"ಹೌದೌದು. ಗೋಡೆ ಅಲ್ಲಾಡ್ತು. ಕುಣಿಯಲಾರದವಳಿಗೆ ನೆಲ ಡೊಂಕು!"

ಏಳು ವರ್ಷದ ಮಗಳನ್ನು ಮನೆಮಂದಿಯೆಲ್ಲ ಕರೆಯುವುದೇ ಬುಗುರಿ ಎಂದು. ನಿಂತಲ್ಲಿ ನಿಂತವಳಲ್ಲ, ಕೂತಲ್ಲಿ ಕೂತವಳಲ್ಲ. ಅಂಥವಳು ಎರಡು ತಿಂಗಳಿಂದ ನಡೆಯುತ್ತ ನಡೆಯುತ್ತಲೇ ಮುಗ್ಗರಿಸಿ ಬೀಳತೊಡಗಿದ್ದಳು. ಮಿದುಳು, ಬೆನ್ನುಹುರಿ ಎರಡರದ್ದೂ ಚಿತ್ರ ಬೇಕು ಎಂದಿದ್ದರು ಡಾಕ್ಟರು. ಸರದಿ ಸಿಕ್ಕಿದ್ದು ಇವತ್ತು. ಅಲ್ಲಾಡಿ ಚಿತ್ರ ಮಸುಕಾದರೆ ಮಗುವಿಗೆ ಅರಿವಳಿಕೆ ಕೊಟ್ಟೇ ಮಲಗಿಸಬೇಕು. ಅದಕ್ಕೆ ಮತ್ತೆ ಆರು ವಾರ ಕಾಯಬೇಕು. ಆರು ವಾರದಲ್ಲಿ ಇನ್ನೆಷ್ಟು ಸಲ ಬೀಳುತ್ತಾಳೋ!

ಬೆಳಗಿನಿಂದ ಒಂದೂ ನೆಟ್ಟಗಾಗಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಹಾಕಿದ ಸಹಿಯನ್ನು ಗುಮಾಸ್ತ ಎರಡು ಸಲ ವಾಪಸ್ಸು ಕೊಟ್ಟ. "ಇದು ಸಹಿನೇನಮ್ಮ? ಕಾಗೆ ಕಾಲು ಗುಬ್ಬಿ ಕಾಲು." ಅವನ ಪೆನ್ನೇ ಸರಿಯಿಲ್ಲ ಎಂದು ಇವಳು ರೇಗಿದಳು. ಕಾರಿಡಾರಿನಲ್ಲಿ ಕೊಂಡ ಕಾಫಿ ಅರ್ಧ ಬಟ್ಟೆಯ ಪಾಲಾಯಿತು. ಹಾಳು ಕಾಗದದ ಲೋಟ, ಹಿಡಿದರೆ ಸೊಟ್ಟಗಾಗುತ್ತದೆ. ಯಂತ್ರದ ಕೋಣೆಗೆ ಲೋಹ ಒಯ್ಯಬಾರದೆಂದಾಗ ಓಲೆಯ ತಿರುಪು ಕೈಗೆ ಸಿಗಲೊಲ್ಲದು. ಕೊನೆಗೆ ಬುಗುರಿಯೇ ಬೆಂಚು ಹತ್ತಿ, "ನೀನು ಕೈ ಬಿಡಮ್ಮ, ನಾನು ತೆಗೀತೀನಿ," ಎಂದು ತೆಗೆದುಕೊಟ್ಟಿದ್ದಳು. ಎರಡು ತಿಂಗಳು ನಿದ್ದೆಗೆಟ್ಟವಳ ಕೈಯಲ್ಲಿ ಏನು ತಾನೇ ನಿಂತೀತು? ತನಗೇನಾಗಿದೆ ಎಂದು ಕೇಳಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ. ಮಗಳದ್ದು ಮುಗಿಯಲಿ, ಆಮೇಲೆ ತನ್ನದು.

ಬಾಗಿಲು ತೆರೆದು ಟೆಕ್ನಿಷಿಯನ್ ಹೆಂಗಸು ಒಳಗೆ ಬಂದಳು. ಮಗುವಿನ ಮುಖ ನೋಡಲಿಲ್ಲ. ಪಾದ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು.

"ಅಮ್ಮ, ನೀವು ನನ್ಜೊತೆ ಆಚೆ ಬನ್ನಿ."

"ಹಿಡ್ಕೊಂಡಾಗ್ಲೇ ಹಿಂಗೆ. ಬಿಟ್ರೆ ಎದ್ದು ಓಡ್ತಾಳೆ. ನನ್ನ ಮಗಳು ನಂಗೆ ಗೊತ್ತಿಲ್ವಾ?"

"ಓಡಿದ್ರೆ ನಾನೇ ಹಿಡ್ಕೊಂಡು ಬರ್ತೀನಿ. ಬನ್ನಿ."

ಗಾಜಿನಾಚೆ ಕುಳಿತು ತಾಯಿ ಹಲ್ಲು ಕಚ್ಚಿ ಕಾದಳು. ಗಡಗಡ, ಟಕಟಕ, ಮತ್ತೆ ಗಡಗಡ. ಇಪ್ಪತ್ತು ನಿಮಿಷ. ಪರದೆಯ ಮೇಲೆ ಬೆನ್ನೆಲುಬು ಮಣಿ ಪೋಣಿಸಿದಂತೆ ಮೂಡಿತು.

"ನೋಡಿ, ಕೂದಲೆಳೆಯಷ್ಟೂ ಅಲ್ಲಾಡಿಲ್ಲ," ಎಂದಳು ಟೆಕ್ನಿಷಿಯನ್. "ಇನ್ನು ಡಾಕ್ಟರು ನೋಡಿ ಹೇಳ್ತಾರೆ."

ತಾಯಿಗೆ ಉಸಿರು ಬಂತು. ಹಿಂದೆಯೇ ಸಿಟ್ಟೂ ಬಂತು. ಅಂದರೆ ಇವಳಿಗೆ ಸುಮ್ಮನೆ ಮಲಗಲು ಬರುತ್ತದೆ! ತಾನಿದ್ದಾಗ ಮಾತ್ರ ಆಟ, ತನ್ನ ಗೋಳು ಹೊಯ್ದುಕೊಳ್ಳಲಿಕ್ಕೆ.

ಬುಗುರಿ ಹೊರಗೆ ಬಂದಳು. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು.

"ಬಾ ಮಹಾರಾಣಿ. ನನ್ನ ಮೇಲೆ ಯಾವ ಜನ್ಮದ ಹಗೆ ಇತ್ತು ನಿಂಗೆ? ಮೂರು ಸಲ ಯಾಕೆ ಹಾಳುಮಾಡ್ದೆ?"

ಮಗಳು ತಟ್ಟೆಯಲ್ಲಿದ್ದ ಓಲೆ ಎತ್ತಿಕೊಂಡು ಬೆಂಚು ಹತ್ತಿದಳು. ಅಮ್ಮನ ಕಿವಿಗೆ ಹಾಕಿ ತಿರುಪು ತಿರುಗಿಸಿದಳು. ಆಮೇಲೆ, ಟೆಕ್ನಿಷಿಯನ್‌ಗೆ ಕೇಳಿಸದಂತೆ, ಅದೇ ಕಿವಿಯಲ್ಲಿ ಪಿಸುಗುಟ್ಟಿದಳು:

"ನಿನ್ನ ಕೈಯೇ ನಡುಗ್ತಿದ್ದಿದ್ದಮ್ಮ, ದಿನಾ ನಡುಗುತ್ತಲ್ಲ, ಹೇಳಿದ್ರೆ ನಿನ್ನನ್ನೂ ಇದರೊಳಗೆ ಮಲಗಿಸ್ತಾರೆ ಅಂತ ನಾನು ಹೇಳ್ಲಿಲ್ಲ."